ಭೀಮಶಂಕರ್ ಸಾಹೇಬರ ಅಪ್ಪಣೆ

ತೆಲಂಗಾಣದ ಗಡಿಯ ಮಕ್ತಲ್ ಕಡೆಯ ಒಂದು ಕರೆಂಟ್ ಆಫೀಸಿನಲ್ಲಿ ನಾನು ಗುಮಾಸ್ತನಾಗಿದ್ದಾಗ ಭೀಮಶಂಕರ್ ಅಲ್ಲಿಯ ಇಂಜಿನಿಯರ್. ಕುರಿ ಕಾಯುವ ಮನೆತನ. ಅವರಪ್ಪ ಬೀರಲಿಂಗಪ್ಪ ತಾನು ಮೊದಲು ನೀರಿಗಿಳಿದು ನೋಡದೆ ಹಿಂಡನ್ನು ಹಳ್ಳ ದಾಟಿಸಿದವರಲ್ಲ. ಮಗನೂ ಹಾಗೇ. ಲೈನ್‌ಮನ್ ಕಂಬದ ಬುಡದಿಂದ ಫೋನ್ ಮಾಡಬೇಕು, ಸಾಹೇಬರು ಎಲ್ಲೆಲ್ಲಿಗೋ ಹೇಳಿ ಕರೆಂಟ್ ತೆಗೆಸಿ "ಹತ್ತು" ಅನ್ನಬೇಕು. ಎಲ್ಲೆಲ್ಲಿಗೆ ಹೇಳಬೇಕು ಅನ್ನುವುದನ್ನು ಲೈನ್‌ಮನ್‌ಗಳಿಗೂ ಕಲಿಸಿಕೊಡಿ ಎಂದು ನಾನು ಒಮ್ಮೆ ಅಂದೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಮನುಷ್ಯ, ಕೇಳಲಿಲ್ಲ. ಆದರೂ ಅವರು ಬಂದ ಆರು ವರ್ಷದಲ್ಲಿ ಒಬ್ಬರ ಬೆರಳೂ ಸುಟ್ಟಿರಲಿಲ್ಲ, ಅದನ್ನೂ ಹೇಳಬೇಕು.

ತೆಲಂಗಾಣ ಬೇರೆ ರಾಜ್ಯವಾಗಿ ನಾಲ್ಕು ವರ್ಷವಾಗಿತ್ತು. ಹೊಲದ ಬೋರುಗಳಿಗೆ ಇಪ್ಪತ್ತನಾಲ್ಕು ತಾಸು ಕರೆಂಟ್ ಕೊಡಬೇಕು, ಲೈನುಗಳು ದಿನಾ ಸುಡುತ್ತಿದ್ದವು. ಅಧಿಕಾರಿಗಳಿಗೆ ಮುಂದಾಳುತನ ಕಲಿಸುತ್ತೇವೆಂದು ಸಾಹೇಬರನ್ನು ಮೂರು ದಿನ ಹೈದರಾಬಾದಿಗೆ ಕರೆಸಿದರು. ಬಾಗಿಲಲ್ಲೇ ಫೋನ್ ಇಸಿದುಕೊಂಡರಂತೆ. ಪಾಠ ಹೇಳುವ ಶಿರೀಷಾ ಮೇಡಂ, ನೀವಿಲ್ಲದಿದ್ದರೆ ಎಷ್ಟು ಕೆಲಸ ನಿಲ್ಲುತ್ತವೆ, ಬರೆಯಿರಿ ಅಂದರು. ನಮ್ಮ ಸಾಹೇಬರು ಹೆಮ್ಮೆಯಿಂದ "ಎಲ್ಲವೂ" ಎಂದು ಬರೆದರು. ಸಭೆ ನಕ್ಕಿತು. ಮೇಡಂ ನಗದೆ, ಜನಕ್ಕೆ ಕಲಿಸಿ, ಆಮೇಲೆ ಅವರಿಗೇ ಬಿಟ್ಟುಕೊಡಿ ಅಂದರು. ಅವಮಾನವಾದ ಕಿವಿಗೆ "ಬಿಟ್ಟುಕೊಡಿ" ಅನ್ನುವ ಕೊನೆಯ ಮಾತಷ್ಟೇ ಬಿತ್ತು.

ಮಧ್ಯಾಹ್ನ ಊಟದ ಹೊತ್ತಿಗೆ ಫೋನ್ ಕೈಗೆ ಬಂದಾಗ ಲೈನ್‌ಮನ್ ಮೊಗುಲಪ್ಪನ ಒಂಬತ್ತು ಕರೆಗಳಿದ್ದವು. ಹೊಳೆದಂಡೆಯ ಕಂಬದಲ್ಲಿ ತಂತಿ ಸುಟ್ಟಿತ್ತು, ರೈತರು ಅವನನ್ನು ಮುತ್ತಿ ಬೈಯುತ್ತಿದ್ದರು. ಸಾಹೇಬರು ತಿರುಗಿ ಫೋನ್ ಮಾಡಿ ಅಂದರು:

"ಇನ್ನ ನನ್ನ ಕೇಳಬ್ಯಾಡ ಮೊಗುಲಪ್ಪ. ನೀನ ನೋಡಿ ಹತ್ತು."

ಇಪ್ಪತ್ತು ವರ್ಷದ ನೌಕರಿಯಲ್ಲಿ ಅಂಥ ಮಾತನ್ನು ಅವನಿಗೆ ಯಾರೂ ಹೇಳಿರಲಿಲ್ಲ. ಖುಷಿಯಿಂದಲೇ ನಮ್ಮ ಸಬ್‌ಸ್ಟೇಷನ್ನಿಗೆ ಹೇಳಿ ಕರೆಂಟ್ ತೆಗೆಸಿ ಹತ್ತಿದ. ಅದೇ ಕಂಬದ ಮೇಲೆ ಹೊಳೆಯಾಚೆಯ ಗದ್ವಾಲ್ ಕಡೆಯ ಸಬ್‌ಸ್ಟೇಷನ್ನಿನಿಂದ ಬರುವ ಇನ್ನೊಂದು ಲೈನ್ ಇತ್ತು. ಅದರಲ್ಲಿ ಕರೆಂಟ್ ಹರಿಯುತ್ತಲೇ ಇತ್ತು.

ಜೀವ ಉಳಿಯಿತು. ಬಲಗೈಯನ್ನು ಮೊಣಕೈವರೆಗೆ ತೆಗೆದರು. ಮರುದಿನ ಸಾಹೇಬರು ಹೈದರಾಬಾದಿನಿಂದ ನೇರ ಆಸ್ಪತ್ರೆಗೆ ಬಂದರು, ನಾನೂ ಪಕ್ಕದಲ್ಲಿದ್ದೆ. ಕಣ್ಣೀರು ಸುರಿಸುತ್ತಲೇ, ಆ ಲೈನ್ ಯಾಕೆ ತೆಗೆಸಲಿಲ್ಲವೋ ಎಂದು ಅವನನ್ನೇ ಗದರಿದರು. ನನಗೆ ಮೈಯೆಲ್ಲ ಉರಿಯಿತು. ಮೊಗುಲಪ್ಪನ ಮುಖದಲ್ಲಿ ಸಿಟ್ಟಿರಲಿಲ್ಲ, ತಾನೇ ಏನೋ ತಪ್ಪು ಮಾಡಿದವನ ಹಾಗೆ ಮೆಲ್ಲಗೆ ಅಂದ:

"ಗದ್ವಾಲ್ ಕಡೀಗಿ ಯಾರಿಗಿ ಫೋನ್ ಮಾಡಬೇಕಂತ ನನಗೆಲ್ಲಿ ಗೊತ್ತೈತ್ರಿ ಸಾರ್? ಅದನ್ನ ಯಾವಾಗ್ಲೂ ನೀವ ಮಾಡ್ತಿದ್ರಿ."