ಕತ್ತೆಮರಿಗೆ ಬದಲು ಕುರಿಮರಿ

ಆ ರವಿವಾರ ಮಧ್ಯಾಹ್ನ ನನ್ನ ಗಂಡ ಬೇವಿನ ಗಿಡದ ಕೆಳಗೆ ಕೂತು ಕತ್ತೆಯ ಬಾಲಕ್ಕೆ ಅಂಟಿದ್ದ ಮುಳ್ಳುಕಾಯಿಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದರು. ಪ್ರಾರ್ಥನೆಗೆ ಹೋಗಿ ಬಂದು, ರೊಟ್ಟಿ, ಬದನೆಕಾಯಿ ಪಲ್ಯ ಉಂಡಾಗಿತ್ತು. ನಾನು ಹೊಸ್ತಿಲ ಮೇಲೆ ಬೈಬಲ್ ಹಿಡಿದು ಕೂತಿದ್ದೆ. ಬೈಲಹೊಂಗಲದ ಅಂಚಿನ ನಮ್ಮ ಓಣಿಯಲ್ಲಿ ಆ ಹೊತ್ತಿಗೆ ಸದ್ದಿರುವುದಿಲ್ಲ.

"ಅದನ್ನ ಇನ್ನೊಮ್ಮೆ ಓದು," ಅಂದರು.

"ಯಾವದರಿ?"

"ಇಕಿದು." ಕತ್ತೆಯ ಹೊಟ್ಟೆಯ ಕಡೆ ಗದ್ದ ಎತ್ತಿ ತೋರಿಸಿದರು.

"ಮೊನ್ನೆ ಓದೇನಲ್ಲರಿ."

"ನಾ ಕೇಳೇನಿ. ಇಕಿ ಕೇಳಿಲ್ಲ."

ನಾನು ನಕ್ಕು ಓದಿದೆ. ಕತ್ತೆ ಕಿವಿ ಹಿಂದಕ್ಕೆ ಹಾಕಿ ನಿಂತಿತ್ತು. ಅದು ಚೊಚ್ಚಲ ಗಬ್ಬ. ಕತ್ತೆ ಹೆಚ್ಚೂಕಡಿಮೆ ಒಂದು ವರ್ಷ ಮರಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ. ದಿನ ತುಂಬುತ್ತ ಬಂದಿತ್ತು. ಅದಕ್ಕೆ ಅವರು ಹೇರನ್ನು ಅರ್ಧಕ್ಕೆ ಇಳಿಸಿದ್ದರು, ಉಳಿದರ್ಧವನ್ನು ತಾವೇ ಹೆಗಲ ಮೇಲೆ ಹೊರುತ್ತಿದ್ದರು.

ಅವರ ಕೆಲಸ ಅದೇ. ಹಳೆಯ ಊರಿನ ಓಣಿಗಳಲ್ಲಿ ಟ್ರ್ಯಾಕ್ಟರ್ ಹೋಗುವುದಿಲ್ಲ. ಅಲ್ಲಿ ಯಾರಾದರೂ ಮನೆ ಕಟ್ಟಿಸಿದರೆ ಉಸುಕು, ಇಟ್ಟಂಗಿ ಎಲ್ಲ ಕತ್ತೆಯ ಬೆನ್ನ ಮೇಲೆ ಹೋಗಬೇಕು. ಬೈಲಹೊಂಗಲದಲ್ಲಿ ಕೆಲಸ ಇಲ್ಲದಾಗ ಕಿತ್ತೂರಿಗೆ, ಸವದತ್ತಿಗೆ ಹೋಗಿ ವಾರಗಟ್ಟಲೆ ಅಲ್ಲೇ ಇದ್ದು ಬರುತ್ತಿದ್ದರು. ಈ ಕತ್ತೆಯನ್ನು ರಾಮದುರ್ಗದ ಕಡೆಯಿಂದ ತಂದಿದ್ದರು. ಬರುವಾಗ ಅದನ್ನು ಹತ್ತಲಿಲ್ಲ, ಹೊಡೆಯಲೂ ಇಲ್ಲ, ಜೊತೆಗೆ ನಡೆದುಕೊಂಡೇ ಬಂದರು. ಪರಿಚಯ ಆಗಬೇಕಲ್ಲ, ಅಂದಿದ್ದರು.

ನಾನು ಹುಟ್ಟಿನಿಂದ ಕ್ರೈಸ್ತರವಳು, ಹತ್ತನೇ ಇಯತ್ತೆ ಓದಿದವಳು. ಅವರು ಮದುವೆಯಾದ ಮೇಲೆ ನನ್ನ ಜೊತೆ ಪ್ರಾರ್ಥನೆಗೆ ಬರತೊಡಗಿದವರು. ಅಕ್ಷರ ಕೂಡಿಸಿ ಓದುತ್ತಿದ್ದರು, ಬೈಬಲಿನ ಸಣ್ಣ ಅಕ್ಷರಕ್ಕೆ ಕಣ್ಣು ಸೋಲುತ್ತಿದ್ದವು. ಹೀಗಾಗಿ ಓದುವುದು ನನ್ನ ಪಾಲಿಗೆ, ಕೇಳುವುದು ಅವರ ಪಾಲಿಗೆ ಬಂದಿತ್ತು.

ಒಂದು ರವಿವಾರ ಪ್ರಾರ್ಥನಾಲಯದಲ್ಲಿ ಶುದ್ಧ, ಅಶುದ್ಧ ಪ್ರಾಣಿಗಳ ಭಾಗ ಓದಿದರು. ಹೊರಗೆ ಬರುವಾಗ ಒಬ್ಬ ಹಿರಿಯರು ಇವರ ಬೆನ್ನು ತಟ್ಟಿ, "ಏನೋ ತಮ್ಮಾ, ಅಶುದ್ಧ ಬಾಗಲದಾಗ ಕಟ್ಟಿ ಬಂದು ಇಲ್ಲಿ ಚಪ್ಪಾಳಿ ತಟ್ಟತೀಯಲ್ಲೋ," ಅಂದರು. ಚೇಷ್ಟೆಗೆ ಅಂದದ್ದು. ಎಲ್ಲರೂ ನಕ್ಕರು, ಇವರೂ ನಕ್ಕರು. ಆದರೆ ಮುಂದಿನ ವಾರ ಒಳಗೆ ಬರದೆ ಚಪ್ಪಲಿ ಬಿಡುವಲ್ಲಿಯೇ ನಿಂತು ಪ್ರಾರ್ಥನೆ ಮಾಡಿದರು. ಅದರ ಮುಂದಿನ ವಾರವೂ ಹಾಗೆಯೇ.

ಮನೆಗೆ ಬಂದು ನಾನು ಆ ಭಾಗ ತೆಗೆದು ಕೂತೆ. ಮೆಲುಕು ಹಾಕುವ, ಗೊರಸು ಸೀಳಿದ ಪ್ರಾಣಿಯನ್ನು ತಿನ್ನಬಹುದು ಎಂದಿತ್ತು. ಕತ್ತೆ ಮೆಲುಕೂ ಹಾಕುವುದಿಲ್ಲ, ಅದರ ಗೊರಸೂ ಸೀಳಿಲ್ಲ. ಅಂಥದನ್ನು ತಿನ್ನಬಾರದು. ಅದರ ಹೆಣ ಮುಟ್ಟಿದವನು ಸಂಜೆಯ ತನಕ ಅಶುದ್ಧ.

"ಜೀವಂತ ಇದ್ದಾಗ ಮುಟ್ಟಿದರ?" ಅಂತ ಕೇಳಿದರು.

"ಅದಕ್ಕ ಏನೂ ಹೇಳಿಲ್ಲರಿ. ಹತ್ತಬಹುದು, ಹೇರು ಹೊರಸಬಹುದು. ದೊಡ್ಡ ದೊಡ್ಡ ಪ್ರವಾದಿಗಳೂ ಹತ್ತ್ಯಾರ."

"ಸತ್ತಾಗ ಮುಟ್ಟಿದರೂ ಸಂಜೀತನಕ ಅಷ್ಟ?"

"ಹೆಣ ಹೊತ್ತವ ಬಟ್ಟಿ ಒಗಕೋಬೇಕು. ಸಂಜೀತನಕ ಅಷ್ಟರಿ."

"ಹಂಗಾರ ನನಗೇನ್ ಚಿಂತಿಲ್ಲ. ನೀ ದಿನಾ ಒಗೀತಿ."

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವರಿಗೆ ರುಚಿ ಹತ್ತಿತ್ತು. ಇನ್ನೆಲ್ಲೆಲ್ಲಿ ಕತ್ತೆಯ ಮಾತು ಬರುತ್ತದೆ, ಹುಡುಕು ಅಂದರು. ದಿನಾ ಸಂಜೆ ಅಡುಗೆಗೆ ಮುಂಚೆ ನಾನು ಹುಡುಕುತ್ತಿದ್ದೆ. ವಿಶ್ರಾಂತಿಯ ದಿನ ಎತ್ತಿಗೂ ಕತ್ತೆಗೂ ಬಿಡುವು ಕೊಡಬೇಕು ಎಂದು ಸಿಕ್ಕಿತು. ಅಂದಿನಿಂದ ರವಿವಾರ ಹೇರು ಹೊರಿಸುವುದನ್ನು ಬಿಟ್ಟರು. ನಿನ್ನನ್ನು ಹಗೆ ಮಾಡುವವನ ಕತ್ತೆ ಹೇರಿನಡಿ ಬಿದ್ದಿದ್ದರೆ ನೋಡಿಯೂ ನೋಡದಂತೆ ಹೋಗಬೇಡ, ಎತ್ತಲು ಕೈ ಹಚ್ಚು ಎಂದು ಇನ್ನೊಂದು ಕಡೆ ಸಿಕ್ಕಿತು. ಕೊನೆಗೆ ಚೊಚ್ಚಲದ ಮಾತು ಸಿಕ್ಕಿತು.

ಮೊದಲು ಹುಟ್ಟಿದ್ದೆಲ್ಲ ದೇವರದು. ಆಕಳ ಕರು, ಕುರಿಯ ಮರಿ, ಮೇಕೆಯ ಮರಿ ಎಲ್ಲ ಬಲಿಗೆ ಹೋಗುತ್ತವೆ. ಅಶುದ್ಧವಾದ ಕತ್ತೆಯನ್ನು ಬಲಿ ಕೊಡುವ ಹಾಗಿಲ್ಲ. ಅದಕ್ಕೆ ಕತ್ತೆಯ ಚೊಚ್ಚಲ ಮರಿಯ ಬದಲು ಒಂದು ಕುರಿಮರಿಯನ್ನು ಕೊಟ್ಟು ಅದನ್ನು ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳದಿದ್ದರೆ ಅದರ ಕುತ್ತಿಗೆ ಮುರಿಯಬೇಕು.

ಅವರ ಕೈ ನಿಂತುಹೋಯಿತು. ಹಗ್ಗ ಹೊಸೆಯುತ್ತಿದ್ದರು.

"ತಿನ್ನೋ ಮರಿ ಕೊಟ್ಟು ತಿನ್ನಲಾರದ್ದನ್ನ ಉಳಿಸ್ಕೋಬೇಕಾ?"

"ಹೌದರಿ."

"ಶುದ್ಧ ಹೋಗಿ ಅಶುದ್ಧ ಉಳೀತೈತಿ?"

"ಹಂಗ ಬರದೈತಿ."

ಹಗ್ಗ ಕೆಳಗಿಟ್ಟರು. ಆಮೇಲೆ ಎದ್ದು ಹೋಗಿ ಕತ್ತೆಯ ಮುಂದೆ ನಿಂತರು. ಊರಲ್ಲಿ ಯಾರನ್ನಾದರೂ ಬೈಯಬೇಕಾದರೆ ಅದರ ಹೆಸರು ಹಿಡಿದು ಬೈಯುತ್ತಾರೆ. ಅದರ ಮರಿಯನ್ನು ದೇವರು ಲೆಕ್ಕಕ್ಕೆ ಹಿಡಿದಿದ್ದಾನೆ, ಮರೆತುಬಿಟ್ಟಿಲ್ಲ. ಅವರ ಮುಖದಲ್ಲಿ ನಾನು ಆವತ್ತು ಕಂಡದ್ದನ್ನು ಪ್ರಾರ್ಥನಾಲಯದಲ್ಲಿ ಯಾರ ಮುಖದಲ್ಲೂ ಕಂಡಿಲ್ಲ. ಬಯಲಲ್ಲಿ ನಿಂತು ರಾತ್ರಿ ಆಕಾಶ ನೋಡುವವರ ಮುಖ ಹಾಗಿರುತ್ತದೆ.

"ಇಕಿ ಮರಿ ಹಾಕಿದ ಮ್ಯಾಲೆ ನಾವೂ ಕೊಡೂಣು," ಅಂದರು.

ಅದು ಹಳೆಯ ನಿಯಮ, ಈಗ ನಮಗೆ ಅನ್ವಯಿಸುವುದಿಲ್ಲ ಎಂದು ನಾನು ಹೇಳಿದೆ. ಕುತ್ತಿಗೆ ಮುರಿಯುವ ಮಾತೂ ನಮಗಲ್ಲ ಅಂದೆ.

"ನನಗೂ ಗೊತ್ತೈತಿ. ಖುಷಿಗೆ ಕೊಡೂದು. ಮುರೀಬ್ಯಾಡ ಅಂತ ನಾವು ಒಮ್ಮೆ ಬಾಯಿಬಿಟ್ಟು ಹೇಳಿದಂಗ ಆಗತೈತಿ."

ಸವದತ್ತಿ ಹತ್ತಿರದ ಹಳ್ಳಿಯಲ್ಲಿ ಅವರ ತಾಯಿ ಕಿರಿಮಗನ ಜೊತೆ ಇರುತ್ತಾರೆ, ನಾಲ್ಕಾರು ಕುರಿ ಸಾಕಿಕೊಂಡಿದ್ದಾರೆ. ಅವರಿಗೆ ಫೋನ್ ಮಾಡಿ, "ಅವ್ವಾ, ನನಗೊಂದು ಮರಿ ತಗದಿಡು. ಕಳಂಕ ಇರಬಾರದು, ಚೆಂದ ಇರಬೇಕು," ಎಂದು ಹೇಳಿದರು. ಯಾಕೆಂದು ಅವರು ಕೇಳಿದ್ದಕ್ಕೆ, "ಹರಕಿ ಅಂತ ತಿಳಕೋ," ಅಂದರು.

ಆ ರವಿವಾರ ಅದನ್ನೇ ನಾನು ಮತ್ತೆ ಓದಿದ್ದು. ಓದಿ ಮುಗಿಸಿದಾಗ ಅವರು ಕತ್ತೆಯ ಕಿವಿಯ ಬಳಿ ಬಾಗಿ, "ಕೇಳಿದಿಲ್ಲ? ಅಂಜಬ್ಯಾಡ," ಅಂದರು. ಸಂಜೆ ಚಹಾ ಕುಡಿದರು. ಕತ್ತೆಯ ಹೊಟ್ಟೆಯ ಮೇಲೆ ಕೈಯಿಟ್ಟು, ಮರಿ ಒದೀತು ಅಂತ ನನ್ನನ್ನು ಕರೆದರು. ನಾನು ಹಿಟ್ಟು ನಾದುತ್ತಿದ್ದೆ. ಕೈ ತೊಳೆದುಕೊಂಡು ಹೋಗುವಷ್ಟರಲ್ಲಿ ಒದೆಯುವುದು ನಿಂತಿತ್ತು.

ಮರುದಿನ ಹಳೆಯ ಊರಿನಲ್ಲಿ ಉಸುಕು ಹೊರುವಾಗ ಅವರಿಗೆ ಎದೆ ಹಿಡಿಯಿತು. ಸುದ್ದಿ ಬಂದು ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರನ್ನು ಎತ್ತಿಕೊಂಡು ಓಡಿದ ಜನ ಕತ್ತೆಯನ್ನು ಮರೆತಿದ್ದರು. ಅದು ಹೇರು ಹೊತ್ತುಕೊಂಡೇ ಓಣಿಯಲ್ಲಿ ನಿಂತಿತ್ತಂತೆ. ಒಬ್ಬ ಸಣ್ಣ ಟೆಂಪೋದವನಿದ್ದ. ಬಾಡಿಗೆಯ ವಿಷಯಕ್ಕೆ ಇವರಿಗೂ ಅವನಿಗೂ ಜಗಳವಾಗಿ ವರ್ಷದಿಂದ ಮಾತಿರಲಿಲ್ಲ. ಹೇರು ಇಳಿಸಿ, ನೀರು ಕುಡಿಸಿ, ಟೆಂಪೋವನ್ನು ಅಲ್ಲೇ ಬಿಟ್ಟು ಕತ್ತೆಯನ್ನು ನಡೆಸಿಕೊಂಡು ನಮ್ಮ ಮನೆಗೆ ಬಂದವನು ಅವನೇ. ಬೇವಿನ ಗಿಡಕ್ಕೆ ಕಟ್ಟಿ, ನನ್ನ ಮುಖ ನೋಡಲಾರದೆ, "ಬಸರಿ ಐತ್ರಿ ಅಕ್ಕಾರ, ನೋಡಿಕೋರಿ," ಎಂದಷ್ಟೇ ಹೇಳಿ ಹೋದ. ಓದಿದ ಮಾತು ಹೀಗೆ ಕಾಲು ಬಂದು ಬಾಗಿಲಿಗೆ ನಡೆದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಹೇಳೋಣವೆಂದರೆ ಅವರಿರಲಿಲ್ಲ.

ಮಣ್ಣಾದ ಮೇಲೆ ಮೈದುನ ಕತ್ತೆಯ ವಿಷಯ ತೆಗೆದ. ಕೆಟ್ಟವನಲ್ಲ. ನಮಗೆ ಮಕ್ಕಳಿಲ್ಲ, ಒಬ್ಬಳೇ ಹೇಗೆ ಅದನ್ನು ಸಾಕುತ್ತೇನೆಂಬ ಚಿಂತೆ ಅವನದು.

"ವೈನಿ, ಕತ್ತಿ ಹಾಲು ಮಾರೋರು ಬಂದಾರ, ಕೂಸುಗಳಿಗೆ ಔಷಧ ಅಂತ ಓಣಿ ಓಣಿ ಮಾರತಾರ. ಗಬ್ಬದ ಕತ್ತಿ ಅಂದರ ಈಗಿಂದೀಗ ಒಯ್ಯತಾರ."

"ಮರಿ ಹಾಕಲಿ, ಆಮ್ಯಾಲೆ ನೋಡೂಣು."

"ಮರಿ ಹಾಕಿದ ಮ್ಯಾಲೆ ಎರಡ ಆಗತಾವು. ಒಂದನ್ನ ಸಾಕಾಕ ಆಗವಲ್ದು ನಿನಗ."

ಅವನು ಹೇಳುವುದರಲ್ಲಿ ತಪ್ಪಿರಲಿಲ್ಲ. ಆದರೆ ಮಾರಿದರೆ ಮರಿ ಯಾರದೋ ಹಟ್ಟಿಯಲ್ಲಿ ಹುಟ್ಟುತ್ತದೆ. ಅದಕ್ಕೆ ಬದಲು ಕೊಡುವವರು ಯಾರೂ ಇರುವುದಿಲ್ಲ. ಯಾರೂ ಕುತ್ತಿಗೆ ಮುರಿಯುವುದಿಲ್ಲ, ಅದು ಗೊತ್ತು. ಆದರೂ ಅವರು ಒಂದು ಜೀವಕ್ಕೆ ಮಾತು ಕೊಟ್ಟಿದ್ದರು, ಕಿವಿಯಲ್ಲಿ ಹೇಳಿದ್ದರು. ಅವರು ಹೋದರೆಂದು ಆ ಮಾತೂ ಹೋದರೆ ಅವರದೆಂಬುದು ಇನ್ನೇನು ಉಳಿಯುತ್ತದೆ? ಇದನ್ನು ಮೈದುನನಿಗೆ ಹೇಗೆ ಹೇಳಬೇಕೋ ತಿಳಿಯಲಿಲ್ಲ.

ಹೇಳಿದವರು ನನ್ನ ಅತ್ತೆ. ಊರಿಗೆ ಹೋಗಿದ್ದವರು ಒಂದು ದಿನ ಸೆರಗಿನಲ್ಲಿ ಬಿಳಿ ಮರಿಯನ್ನು ಸುತ್ತಿಕೊಂಡು ಸವದತ್ತಿ ಬಸ್ಸಿಗೆ ಬಂದಿಳಿದರು. ಅತ್ತೆ ನಮ್ಮ ಪ್ರಾರ್ಥನೆಗೆ ಬರುವವರಲ್ಲ. ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡ ಹತ್ತುವವರು.

"ಕಂಡಕ್ಟರ್ ಏನಂದ ಗೊತ್ತನು? 'ಅಜ್ಜಿ, ಹೆಣ್ಣೋ ಗಂಡೋ? ಹೆಣ್ಣಾದರ ಫ್ರೀ ಐತಿ, ಆಧಾರ್ ಕಾರ್ಡ್ ತೋರಸು' ಅಂದ. ಗಂಡ ಐತೆಪಾ, ತೊಡಿ ಮ್ಯಾಲೆ ಕುಂದ್ರಸ್ಕೋತೇನಿ ಅಂದೆ." ಹೇಳುತ್ತ ಹೇಳುತ್ತ ನಕ್ಕರು. ಮಗ ಹೋದ ಮೇಲೆ ಅವರು ನಕ್ಕದ್ದನ್ನು ನಾನು ಕಂಡದ್ದು ಅದೇ ಮೊದಲು.

ಮೈದುನ ಮತ್ತೆ ಬಂದು ಮಾರುವ ಮಾತು ತೆಗೆದಾಗ ಅತ್ತೆ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಹರಕಿ ಕತ್ತಿ ಅದು. ತೀರೂತನಕ ಬಾಯಿ ಮುಚ್ಚು," ಅಂದರು.

"ಯಾವ ದೇವರ ಹರಕಿ ಬೇ ಅದು?"

"ಅವನು ಮಾತು ಕೊಟ್ಟಾನ. ಯಾವ ದೇವರು ಅನ್ನೂದು ಅವನಿಗೂ ಆ ದೇವರಿಗೂ ಬಿಟ್ಟದ್ದು. ನಿನಗ ಯಾಕ?"

ಕತ್ತೆಮರಿ ನಸುಕಿನಲ್ಲಿ ಹುಟ್ಟಿತು. ನಾನೂ ಅತ್ತೆಯೂ ಹತ್ತಿರ ಇದ್ದೆವು. ಮೊದಲು ಮುಂಗಾಲು, ಅವುಗಳ ಮೇಲೆ ಮಲಗಿದಂತೆ ಮೂತಿ. ಮಣ್ಣಿನ ಮೇಲೆ ಬಿದ್ದು ಸ್ವಲ್ಪ ಹೊತ್ತಿಗೇ ಅಷ್ಟುದ್ದದ ಕಾಲು ಬಿಚ್ಚಿಕೊಂಡು ಎದ್ದಿತು, ಬಿದ್ದಿತು, ಮತ್ತೆ ಎದ್ದಿತು. ಮೈಯಿಂದ ಹಬೆ ಏಳುತ್ತಿತ್ತು. ಗೊರಸಿನ ತುದಿಗೆ ಮೆತ್ತಗಿನ ಬಿಳಿ ಪದರವಿತ್ತು, ಒಳಗಿದ್ದಾಗ ತಾಯಿಗೆ ಗಾಯವಾಗದಿರಲೆಂದು. ಸೀಳಿಲ್ಲದ ಗೊರಸು. ಅಶುದ್ಧವೆಂದು ದೇವರು ಬರೆಸಿದ್ದು ಈ ಗೊರಸನ್ನೇ, ಅದಕ್ಕೆ ಹೂವಿನಂಥ ಹೊದಿಕೆ ತೊಡಿಸಿ ಕಳಿಸಿದ್ದೂ ಅವನೇ. ನಾನು ಮಣ್ಣಿನಲ್ಲಿ ಮೊಣಕಾಲೂರಿ ಕೂತುಬಿಟ್ಟೆ. ಪ್ರಾರ್ಥನೆಯ ಒಂದು ಮಾತೂ ನೆನಪಿಗೆ ಬರಲಿಲ್ಲ.

ಬೆಳಕಾದ ಮೇಲೆ ಅತ್ತೆ, "ಅವ ಓದಸ್ತಿದ್ನಲ್ಲ, ಅದನ್ನ ನನಗೂ ಓದಿ ಹೇಳವ್ವಾ," ಅಂದರು. ಓದಿದೆ. ಕತ್ತೆಮರಿಗೆ ಕುರಿಮರಿ ಎನ್ನುವ ತನಕ ತಲೆದೂಗಿದರು. ಅದರ ಬೆನ್ನಿಗೇ ಅದೇ ವಾಕ್ಯದಲ್ಲಿ ಇನ್ನೊಂದು ಮಾತಿದೆ. ಗಂಡುಮಕ್ಕಳಲ್ಲಿ ಚೊಚ್ಚಲಾದವರನ್ನೂ ಬಿಡಿಸಿಕೊಳ್ಳಬೇಕು. ಅದನ್ನೂ ಓದಿದೆ.

"ಕತ್ತೀ ಮರಿ ಸಂಗಾಟ ಮನಷ್ಯಾರ ಮಗನ್ನೂ ಬರದಾರ?"

"ಹೂನ್ರಿ ಅತ್ತಿ. ಒಂದ ಕಡೆ ಬರದಾರ."

"ಅವರಿಗೆ ಏನ್ ಕೊಟ್ಟು ಬಿಡಿಸ್ಕೋಬೇಕಂತ?"

"ಬೆಳ್ಳಿ, ಅಂತ ಇನ್ನೊಂದು ಕಡೆ ಐತ್ರಿ."

ಅತ್ತೆಯ ತೋಳಿನಲ್ಲಿ ಮದುವೆಯ ಕಾಲದ ಬೆಳ್ಳಿ ವಂಕಿ ಇದೆ. ಅದರ ಮೇಲೆ ಇನ್ನೊಂದು ಕೈ ಇಟ್ಟುಕೊಂಡರು. ನನ್ನ ಗಂಡ ಅವರ ಚೊಚ್ಚಲ.

"ನನ್ನ ಹತ್ರ ಇತ್ತಲ್ಲವ್ವಾ," ಅಂದರು. "ಯಾರೂ ಬಂದು ಕೇಳಲಿಲ್ಲ."

ಎಲ್ಲರ ಬದಲಾಗಿ ದೇವರ ಮಗನೇ ಕುರಿಮರಿಯಾಗಿ ಆಗಲೇ ಹೋಗಿದ್ದಾನೆ ಎಂದು ನಾನು ನಂಬಿದವಳು. ಆದರೆ ಆ ಬೆಳಗ್ಗೆ ಅದನ್ನು ಅತ್ತೆಗೆ ಹೇಳಲು ನಾಲಿಗೆ ಏಳಲಿಲ್ಲ. ಅವರ ಪಕ್ಕದಲ್ಲಿ ಕೂತುಕೊಂಡೆ. ಕತ್ತೆಮರಿ ತಾಯಿಯ ಮೊಲೆ ಹುಡುಕುತ್ತ ಮುಂಗಾಲಿನ ಸಂದಿಗೆ ಮೂತಿ ಹಾಕುತ್ತಿತ್ತು. ಅತ್ತೆ ಎದ್ದು ಹೋಗಿ ಅದರ ತಲೆಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿದರು.

ರವಿವಾರ ಇಬ್ಬರೂ ಕುರಿಮರಿಯನ್ನು ಎತ್ತಿಕೊಂಡು ಪ್ರಾರ್ಥನಾಲಯಕ್ಕೆ ಹೋದೆವು. ಅಲ್ಲಿಯ ಪಾಸ್ಟರನ್ನು ನಾವೆಲ್ಲ ಅಯ್ಯನವರು ಅನ್ನುತ್ತೇವೆ. ಸಂಗತಿ ಕೇಳಿ ಅವರು ಪೇಚಿಗೆ ಬಿದ್ದರು.

"ತಂಗಿ, ಆ ನಿಯಮದ ಪ್ರಕಾರ ಇದನ್ನ ತಗೊಳ್ಳೋ ಯಾಜಕ ನಾನಲ್ಲ. ಆ ಕಾಲ ಮುಗದೈತಿ."

ನಾನು ಹೇಳುವ ಮೊದಲೇ ಅತ್ತೆ, "ನಿಯಮ ಗಿಯಮ ನನಗ ತಿಳೀದರಿ ಅಯ್ಯಾರ. ನನ್ನ ಮಗ ಖುಷಿಗೆ ಕೊಡತೇನಿ ಅಂದಿದ್ದ. ಖುಷಿಯಿಂದ ತಗೋರಿ," ಎಂದು ಮರಿಯನ್ನು ಅವರ ಕೈಯಲ್ಲಿಟ್ಟೇಬಿಟ್ಟರು. ಮರಿ ಅವರ ಬಿಳಿ ಅಂಗಿಯ ಗುಂಡಿ ಚೀಪತೊಡಗಿತು. ಅಯ್ಯನವರು ಅದನ್ನು ಹಿಡಿದುಕೊಂಡೇ ಕಣ್ಣು ಮುಚ್ಚಿ ಪ್ರಾರ್ಥಿಸಿದರು. ಚೇಷ್ಟೆ ಮಾಡಿದ್ದ ಹಿರಿಯರು ಬಾಗಿಲಲ್ಲಿ ತಲೆ ಬಾಗಿಸಿ ನಿಂತಿದ್ದರು. ಆ ಮರಿಯನ್ನು ಕೊಯ್ಯಲು ಅಯ್ಯನವರಿಗೆ ಮನಸ್ಸಾಗಲಿಲ್ಲ. ಅದು ಈಗ ಟಗರಾಗಿದೆ, ಅವರ ಹಿತ್ತಲಿನ ಕರಿಬೇವನ್ನೆಲ್ಲ ಮುಗಿಸಿದೆ.

ಕತ್ತೆಯನ್ನು ನಾನು ಮಾರಲಿಲ್ಲ. ಹಗ್ಗ ಹಿಡಿದು ನಾನೇ ಹಳೆಯ ಊರಿಗೆ ಹೋಗುತ್ತೇನೆ. ಟೆಂಪೋದವನು ಓಣಿಯ ಬಾಯಿಯ ತನಕ ಉಸುಕು ತಂದುಹಾಕುತ್ತಾನೆ, ಅಲ್ಲಿಂದ ಮುಂದೆ ನಾವು. ಮರಿ ಹಿಂದೆ ಹಿಂದೆ ಬರುತ್ತದೆ. ರವಿವಾರ ಯಾರೂ ಹೊರುವುದಿಲ್ಲ. ಮಧ್ಯಾಹ್ನ ಹೊಸ್ತಿಲ ಮೇಲೆ ಕೂತು ಅದೇ ಭಾಗ ಓದುತ್ತೇನೆ, ತಾಯಿಗೂ ಮರಿಗೂ ಕೇಳುವಷ್ಟು ಗಟ್ಟಿಯಾಗಿ.

ಸಂಜೆ ಮೇಯಲು ಬಿಟ್ಟ ಕತ್ತೆಯನ್ನು ಅವರು ಎರಡು ಬೆರಳು ಬಾಯಿಗಿಟ್ಟು ಸೀಟಿ ಹಾಕಿ ಕರೆಯುತ್ತಿದ್ದರು. ನನಗೆ ಹಾಗೆ ಹಾಕಲು ಬರುವುದಿಲ್ಲ. ಮರಿ ಆ ಸೀಟಿಯನ್ನು ಕೇಳಿಲ್ಲ.