ಕೆಂಪು ಗಾಡಿಯ ಬ್ರೇಕು

ನನಗೆ ನಲವತ್ತೊಂದು ತುಂಬಿದ ವರ್ಷ ಎರಡು ಗಾಡಿಗಳು ಒಂದೇ ತಿಂಗಳಲ್ಲಿ ಮಾರಾಟಕ್ಕೆ ಬಂದವು. ಎರಡೂ ಸಣ್ಣ ಕಾರುಗಳು, ಎರಡರಲ್ಲೂ ಇಬ್ಬರಿಗೇ ಜಾಗ, ಎರಡಕ್ಕೂ ಮೇಲೆ ಸೂರಿಲ್ಲ. ಒಂದು ಕೆಂಪು, ಇನ್ನೊಂದು ಹಸಿರು. ನಮ್ಮ ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಒಂದನ್ನು ಮಾತ್ರ ನಿಲ್ಲಿಸಬಹುದಿತ್ತು.

ಎಪ್ಪತ್ತರ ದಶಕದ ಕೊನೆಯ ಮಾತು. ಪುಣೆಯಿಂದ ಶಿರೂರಿಗೆ ಹೋಗುವ ರಸ್ತೆಯಲ್ಲಿ ಒಂದಷ್ಟು ಒಳಕ್ಕೆ, ಯುದ್ಧಕಾಲದ ಒಂದು ವಿಮಾನಪಟ್ಟಿ ಯಾರಿಗೂ ಬೇಡವಾಗಿ ಬಿದ್ದಿತ್ತು. ಭಾನುವಾರ ಬೆಳಿಗ್ಗೆ ನಾವು ಏಳೆಂಟು ಜನ ಅಲ್ಲಿ ಸೇರುತ್ತಿದ್ದೆವು. ಡಾಂಬರಿನ ಖಾಲಿ ಡ್ರಮ್ಮುಗಳನ್ನು ನಿಲ್ಲಿಸಿ ತಿರುವುಗಳನ್ನು ಮಾಡಿಕೊಂಡು ಒಬ್ಬೊಬ್ಬರಾಗಿ ಗಾಡಿ ಓಡಿಸುವುದು, ಉಳಿದವರು ಕೈಗಡಿಯಾರ ಹಿಡಿದು ಸಮಯ ಕೂಗುವುದು. ಬಹುಮಾನವಿರಲಿಲ್ಲ. ನೋಡುವವರೂ ಇರಲಿಲ್ಲ. ಆಡು ಮೇಯಿಸುವ ಒಬ್ಬ ಮುದುಕಿ ಮಾತ್ರ ವಾರ ತಪ್ಪದೆ ಬೈಯುತ್ತ ಹಾದುಹೋಗುತ್ತಿದ್ದಳು.

ನಾನು ಓಡಿಸುತ್ತಿದ್ದದ್ದು ಮನೆಯವರೆಲ್ಲ ಕೂತು ಜೇಜುರಿಯ ದೇವಸ್ಥಾನಕ್ಕೆ ಹೋಗಿಬರುವ ಹಳೆಯ ಕಾರನ್ನು. ತಿರುವಿನಲ್ಲಿ ಅದು ಎಮ್ಮೆಯಂತೆ ವಾಲುತ್ತಿತ್ತು. ಪ್ರತಿವಾರ ಎಲ್ಲರಿಗಿಂತ ಕೊನೆಗೆ ಬರುತ್ತಿದ್ದೆ. ವಾರದ ಆರು ದಿನ ನನಗೆ ಅಂಥ ದೂರುಗಳಿರಲಿಲ್ಲ. ಪಿಂಪ್ರಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷಿಸುವ ವಿಭಾಗ ನನ್ನದು. ಓದಿದ್ದು ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಮಲಗುವ ವಸತಿಶಾಲೆಯಲ್ಲಿ. ಅಲ್ಲಿ ಒಂದು ನಿಯಮವಿತ್ತು: ಹೇಳಿದ್ದನ್ನು ಕೇಳಿದವನು ಅದನ್ನೇ ತಿರುಗಿ ಹೇಳಬೇಕು, ಆಮೇಲೆ ಕೈ ಹಚ್ಚಬೇಕು. ಕಾರ್ಖಾನೆಯಲ್ಲೂ ನಾನು ಅದನ್ನೇ ನಡೆಸಿಕೊಂಡು ಬಂದಿದ್ದೆ. ಆದರೆ ಆ ವರ್ಷ ಏನೋ ಒಂದು ಒಳಗೆ ಕೂತು ಕಡಿಯುತ್ತಿತ್ತು. ಊಟದ ಬಿಡುವಿನಲ್ಲಿ ಉಳಿದವರು ಇಸ್ಪೀಟು ಹಾಕಿದರೆ ನಾನು ಕಾಂಪೌಂಡಿನ ಸುತ್ತ ಲಗುಬಗೆಯಿಂದ ನಡೆಯುತ್ತಿದ್ದೆ, ಎಲ್ಲಿಗೋ ತಡವಾಗಿದೆ ಎನ್ನುವವನಂತೆ.

ಎರಡರಲ್ಲೊಂದನ್ನು ಕೊಳ್ಳುತ್ತೇನೆಂದಾಗ ಹೆಂಡತಿ ಅಡ್ಡ ಬರಲಿಲ್ಲ. ಒಂದು ಕರಾರು ಹಾಕಿದಳು.

“ತರ್ರಿ, ಬ್ಯಾಡ ಅನ್ನೂದಿಲ್ಲ. ಆದ್ರ ನಿಮ್ಮ ಮೈಮ್ಯಾಲಾಗ್ಲಿ ಗಾಡಿಮ್ಯಾಲಾಗ್ಲಿ ಒಂದು ಗೀರು ಕಂಡ್ರ, ಅವತ್ತಿಗೆ ನಿಮ್ಮ ಐತವಾರ ಮುಗೀತು. ಒಪ್ಪಿಗೀನೊ?”

ಒಪ್ಪಿದೆ. ಹಾಗಾಗಿ ಯಾವ ಗಾಡಿ ಚೆಂದ ಎನ್ನುವ ಪ್ರಶ್ನೆಯೇ ಅಲ್ಲ. ಯಾವುದನ್ನು ಕೊಂಡರೆ ನನ್ನ ಭಾನುವಾರಗಳು ಉಳಿಯುತ್ತವೆ ಎನ್ನುವುದು ಪ್ರಶ್ನೆ.

ಕೆಂಪು ಗಾಡಿ ವಿಲಾಯತಿಯದು. ಪುಣೆಯ ಕ್ಯಾಂಪ್ ಬಡಾವಣೆಯಲ್ಲಿದ್ದ ವೃದ್ಧರೊಬ್ಬರ ಬಳಿ ಇತ್ತು. ಮೊಣಕಾಲು ಮಡಚಲಾಗದೆ ಅವರು ಅದರಲ್ಲಿ ಕೂರುವುದನ್ನು ಬಿಟ್ಟಿದ್ದರು. ಹಸಿರು ಗಾಡಿ ಇಲ್ಲಿಯದೇ. ಭವಾನಿ ಪೇಠೆಯ ಮರಾಠಿ ಮಿಸ್ತ್ರಿಯೊಬ್ಬ ಹಳೆಯ ಕಾರಿನ ಅಡಿಗಟ್ಟು ಇಟ್ಟುಕೊಂಡು, ಮೇಲೆ ಅಲ್ಯೂಮಿನಿಯಂ ತಗಡು ಬಡಿದು ಕೂರಿಸಿ, ತನ್ನ ಕೈಯಿಂದಲೇ ಕಟ್ಟಿದ್ದು. ನನ್ನ ಹಳೆಯ ಕಾರನ್ನು ರಿಪೇರಿ ಮಾಡುತ್ತಿದ್ದವನೂ ಅವನೇ.

ನಾನು ನೋಟ್‌ಬುಕ್ಕಿನಲ್ಲಿ ಎರಡು ಅಂಕಣ ಎಳೆದೆ. ಟೈರು, ಎಂಜಿನ್ನಿನ ಒತ್ತಡ, ಎಣ್ಣೆ ಸೋರಿಕೆ, ಬಿಡಿಭಾಗ ಸಿಗುವುದೋ ಇಲ್ಲವೋ, ಒಂದೊಂದಕ್ಕೂ ಹತ್ತಕ್ಕಿಷ್ಟು ಅಂಕ. ಹಸಿರು ಗಾಡಿ ಪ್ರತಿ ಸಾಲಿನಲ್ಲೂ ಗೆದ್ದಿತು. ಕೆಂಪು ಗಾಡಿಯ ಒಂದು ವಾಷರು ಹೋದರೂ ಲೇತಿನ ಮೇಲೆ ಹೊಸದಾಗಿ ಮಾಡಿಸಬೇಕು. ಮರುದಿನ ಸಂಜೆ ಮತ್ತೆ ಅಂಕ ಹಾಕಿದೆ. ಮತ್ತೆ ಹಸಿರೇ. ಮೂರನೆಯ ದಿನ ‘ಸ್ಟೀರಿಂಗಿನ ಹಗುರತನ’ ಎಂಬ ಹೊಸ ಸಾಲು ಸೇರಿಸಿದೆ.

ಹೆಂಡತಿ ಮೆಂತ್ಯಸೊಪ್ಪು ಸೋಸುತ್ತ ಇಣುಕಿದಳು. “ಕನ್ಯಾ ನೋಡಾಕ ಬಂದಾಗೂ ಹಿಂಗ ಪಟ್ಟಿ ಮಾಡಿದ್ರೇನು?”

“ಮಾಡಿದ್ದೆ.”

“ನನಗೆಷ್ಟು ಹಾಕಿದ್ರಿ?”

“ಹತ್ತಕ್ಕ ಏಳು.”

“ಉಳಿದ ಮೂರು?”

“ಮಾತು ಭಾಳ ಅಂತ ಕಡದೆ.”

“ಹಂಗಾದ್ರ ಕೆಂಪೀಗೂ ಏಳು ಹಾಕಿ ತಂದು ಬಿಡ್ರಿ. ಮೂರು ದಿನದಿಂದ ಆ ಕಾಗದಕ್ಕ ಯಾಕ ಸುಳ್ಳ ಹೇಳಸ್ತೀರಿ?”

ಭಾನುವಾರ ಎರಡೂ ಗಾಡಿಗಳನ್ನು ವಿಮಾನಪಟ್ಟಿಗೆ ತರಿಸಿದೆವು. ಹೆಂಡತಿಯೂ ಬಂದು ಒಂದು ಡ್ರಮ್ಮಿನ ಮೇಲೆ ಕೂತಳು. ಕೆಂಪು ಗಾಡಿಯನ್ನು ನೋಡಿ ಅಭಿಪ್ರಾಯ ಹೇಳಲು ಮಿಸ್ತ್ರಿ ಒಪ್ಪಿದ್ದ. ತನ್ನದೇ ಗಾಡಿ ಮಾರಬೇಕಿದ್ದವನು ಎದುರಾಳಿಯ ಗಾಡಿಯ ಬಗ್ಗೆ ನಿಜ ಹೇಳುತ್ತಾನೆಯೇ ಎಂಬ ಅನುಮಾನ ನನಗಿತ್ತು. ಅವನು ಮೊದಲು ಒಂದು ಸುತ್ತು ತಾನೇ ಓಡಿಸಿ ಇಳಿದ. ಆಮೇಲೆ ನಾನು ಹತ್ತಿದೆ.

ಮೊದಲು ಹಸಿರನ್ನು ಓಡಿಸಿದ್ದರೆ ಚೆನ್ನಾಗಿತ್ತು. ಕೆಂಪು ಗಾಡಿ ನೆಲಕ್ಕೆ ಅಂಟಿದಂತೆ ಕೂತಿತ್ತು. ತಿರುವು ಬಂತು ಅಂದುಕೊಳ್ಳುವಷ್ಟರಲ್ಲಿ ತಿರುವು ಮುಗಿದಿರುತ್ತಿತ್ತು. ಮೂರನೆಯ ಡ್ರಮ್ಮಿನ ಹತ್ತಿರ, ನನ್ನ ಹಳೆಯ ಕಾರಿನ ಅಭ್ಯಾಸದಂತೆ, ಬ್ರೇಕನ್ನು ಗಟ್ಟಿಯಾಗಿ ತುಳಿದೆ. ಚಕ್ರಗಳು ಬಿಗಿದುಕೊಂಡವು. ಗಾಡಿ ಜಲ್ಲಿಯ ಮೇಲೆ ಅಡ್ಡಡ್ಡ ಜಾರಿ, ಡ್ರಮ್ಮಿನಿಂದ ಒಂದು ಮಾರು ದೂರದಲ್ಲಿ ನಿಂತಿತು. ಎಂಜಿನ್ನು ಇನ್ನೂ ಗುಡುಗುತ್ತಿತ್ತು, ಗಾಳಿ ಬೀಸುತ್ತಿತ್ತು. ಮಿಸ್ತ್ರಿ ದೂರದಿಂದ ಕೈ ಬೀಸುತ್ತ ಓಡಿಬಂದ. ನನಗೆ ಕೇಳಿಸಿದ್ದಿಷ್ಟು:

“ಸಾಹೇಬ, ಬ್ರೇಕ್ ಹಾಳು! ಹಾಳು!”

ನಾನು ತಲೆ ಆಡಿಸಿದೆ. ತಿರುಗಿ ಹೇಳಲಿಲ್ಲ, ತಿರುಗಿ ಕೇಳಲೂ ಇಲ್ಲ. ಇಳಿದು, ನೋಟ್‌ಬುಕ್ ತೆಗೆದು, ಕೆಂಪು ಅಂಕಣದಲ್ಲಿ ‘ಬ್ರೇಕ್ ಹಾಳು’ ಎಂದು ಬರೆದು ಅಡಿಗೆರೆ ಎಳೆದೆ. ಹಸಿರು ಗಾಡಿಯನ್ನು ಎರಡು ಸುತ್ತು ಓಡಿಸಿ ಅಲ್ಲೇ ಮಾತು ಮುಗಿಸಿದೆ. ಮಿಸ್ತ್ರಿ ನನ್ನ ಮುಖವನ್ನೇ ಒಂದು ಕ್ಷಣ ನೋಡಿ, “ತುಮಚೀ ಮರ್ಜೀ,” ನಿಮ್ಮಿಷ್ಟ, ಎಂದ. ಕೆಂಪು ಗಾಡಿ ಆ ವಾರವೇ ಕಾಲೇಜಿನ ಮೇಷ್ಟ್ರೊಬ್ಬರ ಪಾಲಾಯಿತು.

ಹಸಿರು ಗಾಡಿಯಲ್ಲಿ ದೋಷವಿರಲಿಲ್ಲ. ಅದೇ ಅದರ ದೋಷ. ಹೇಳಿದಲ್ಲಿ ತಿರುಗಿತು, ತುಳಿದಲ್ಲಿ ನಿಂತಿತು. ಹತ್ತು ತಿಂಗಳು, ಗೀರಿಲ್ಲ, ತಕರಾರಿಲ್ಲ. ನಾನು ಕೊನೆಯವನಾಗಿ ಬರುವುದು ತಪ್ಪಿತು. ನಾಲ್ಕನೆಯವನಾಗಿ ಬರತೊಡಗಿದೆ, ಪ್ರತಿವಾರ ನಾಲ್ಕನೆಯವನೇ. ಭಾನುವಾರ ನಮ್ಮ ಜೊತೆ ಸೇರಿಕೊಂಡ ಆ ಮೇಷ್ಟ್ರು ಕೆಂಪು ಗಾಡಿಯಲ್ಲಿ ಮೊದಲಿಗರು. ಹಾಳಾದ ಬ್ರೇಕಿನಲ್ಲಿ ಅವರು ಅಷ್ಟು ಚೆನ್ನಾಗಿ ಹೇಗೆ ನಿಲ್ಲಿಸುತ್ತಾರೆ ಎಂದು ಕೊನೆಗೊಂದು ದಿನ ಮಿಸ್ತ್ರಿಯನ್ನೇ ಕೇಳಿದೆ. ಬ್ರೇಕು ನೀನು ಸರಿಮಾಡಿಕೊಟ್ಟೆಯಾ?

ಅವನು ಕಣ್ಣರಳಿಸಿದ. ಹಾಳು ಅಂತ ಯಾರು ಹೇಳಿದರು? ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳಿವೆ ಸಾಹೇಬ, ಬೆರಳಿಟ್ಟರೆ ಹಿಡಿಯುತ್ತವೆ, ಅದಕ್ಕೇ ‘ಹಳೂ’ ಒತ್ತಿ ಅಂದೆ. ನಿಮಗೆ ಒಪ್ಪುವುದು ಕೆಂಪೇ ಎಂದುಕೊಂಡಿದ್ದೆ. ನೀವು ನನ್ನದನ್ನು ಕೊಂಡಿರಿ, ನಾನೇಕೆ ಬೇಡ ಅನ್ನಲಿ?

ಮರಾಠಿಯಲ್ಲಿ ಹಳೂ ಅಂದರೆ ಮೆಲ್ಲಗೆ. ವಿಜಾಪುರದಿಂದ ಬಂದ ನನ್ನ ಕಿವಿ ಅದರ ದೀರ್ಘವನ್ನು ಮೊದಲ ಅಕ್ಷರಕ್ಕೆ ಸರಿಸಿ ಹಾಳು ಮಾಡಿಕೊಂಡಿತ್ತು.

ಮನೆಗೆ ಬಂದು ಹೇಳಿದೆ. ಹೆಂಡತಿ ನಗುತ್ತಾಳೆಂದು ಕಾದರೆ ನಗಲಿಲ್ಲ.

“ಹದಿನಾಲ್ಕು ವರ್ಷ ಆತು ಪುಣೆಕ್ಕ ಬಂದು. ದಿನಾ ಹಾಲಿನವಗ ಹಳೂ ಹಾಕಪ್ಪಾ, ಹಳೂ ಅಂತೀರಿ. ಅವತ್ತೊಂದ ದಿನ ಹಾಳು ಅಂತ ಕೇಳ್ತೇನು?”

“ಗಾಳಿ ಇತ್ತು.”

“ಗಾಳಿ ಅಲ್ಲ. ಆ ಗಾಡಿಯಿಂದ ಇಳಿಯೂ ಮುಂದ ನಿಮ್ಮ ಮುಖ ನಾ ನೋಡೇನಿ. ಹೆದರಿದ್ದಿರಿ. ಅಷ್ಟ ಖುಷಿನೂ ಆಗಿತ್ತು. ಯಾರರೆ ಬ್ಯಾಡ ಅನ್ನಲಿ ಅಂತ ಕಾದಿದ್ದಿರಿ, ಆ ಮಿಸ್ತ್ರಿ ಬಾಯಿಲೆ ಅನಸ್ಕೊಂಡ್ರಿ.”

ಆ ವಾರವಿಡೀ ಕಾರ್ಖಾನೆಯಲ್ಲಿ ಎಲ್ಲರ ಮೇಲೂ ರೇಗಿದೆ. ಸರಿ ಇದ್ದ ಭಾಗಗಳನ್ನು ಮೂರು ಮೂರು ಸಲ ಅಳೆಯಿಸಿದೆ. ಭಾನುವಾರ ಹಸಿರು ಗಾಡಿಯನ್ನು ನಾನು ಕೆಂಪನ್ನು ಓಡಿಸಬಹುದಾಗಿದ್ದ ಹಾಗೆ ಓಡಿಸಿದೆ. ಎರಡನೆಯ ಸುತ್ತಿನಲ್ಲಿ ಅದರ ಹಿಂಭಾಗ ಸರಿದು ಡ್ರಮ್ಮಿಗೆ ಉಜ್ಜಿತು. ಹಿಂದಿನ ಚಕ್ರದ ಪಕ್ಕ ಗೇಣುದ್ದದ ಗೀರು. ಅಂದು ನಾನು ಎರಡನೆಯವನಾಗಿದ್ದೆ.

ಮಿಸ್ತ್ರಿ ಅರ್ಧ ಗಂಟೆಯಲ್ಲಿ ಬಣ್ಣ ಹಚ್ಚಿ ಕೊಡುತ್ತೇನೆಂದ. ಬೇಡವೆಂದೆ. ಮನೆಗೆ ಬಂದು ಹೆಂಡತಿಯನ್ನು ಶೆಡ್ಡಿಗೆ ಕರೆದು ತೋರಿಸಿದೆ. ಅವಳು ಬಗ್ಗಿ ಗೀರಿನ ಮೇಲೆ ಬೆರಳೆಳೆದಳು.

“ಮೈಗೆ?”

“ಏನಿಲ್ಲ.”

“ಕೀಲಿ ಕೊಡ್ರಿ.”

ಕೊಟ್ಟೆ. ಕರಾರು ಕರಾರೇ.

ಮುಂದಿನ ಭಾನುವಾರ ಐದಕ್ಕೆ ಎದ್ದು ಮನೆಯಲ್ಲಿದ್ದ ಚಪ್ಪಲಿ, ಬೂಟುಗಳಿಗೆಲ್ಲ ಪಾಲಿಶ್ ಹಾಕಿದೆ. ಏಳಕ್ಕೆ ಆ ಕೆಲಸ ಮುಗಿಯಿತು. ಅದರ ಮುಂದಿನ ಭಾನುವಾರ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ ಎತ್ತರದ ಪ್ರಕಾರ ಜೋಡಿಸಿ, ಒಂದೊಂದಕ್ಕೂ ಚೀಟಿ ಅಂಟಿಸಿದೆ. ಹೆಂಡತಿಗೆ ಮೂರು ದಿನ ಜೀರಿಗೆ ಸಿಗಲಿಲ್ಲ. ಮೂರನೆಯ ಭಾನುವಾರ ನಾನು ಅವಳ ಸೀರೆಗಳ ಕಪಾಟಿನ ಎದುರು ನಿಂತಿದ್ದಾಗ ಚಹಾದ ಬಸಿಯಲ್ಲಿ ಕೀಲಿ ಇಟ್ಟುಕೊಂಡು ಬಂದಳು.

“ನಡೀರಿ. ನೀವು ಮನ್ಯಾಗಿದ್ರ ನನಗ ಹುಚ್ಚ ಹಿಡೀತದ.”

“ಮತ್ತ ಕರಾರು?”

“ಕರಾರು ಬದಲಿ. ಇನ್ನ ಮ್ಯಾಲ ನಾನೂ ಕೂಡತೀನಿ. ಗೀರು ಬಿದ್ರ ಇಬ್ಬರಿಗೂ ಬೀಳಲಿ.”

ಸೆರಗನ್ನು ಸೊಂಟಕ್ಕೆ ಬಿಗಿದು, ತಲೆಗೊಂದು ಟವೆಲು ಸುತ್ತಿಕೊಂಡು ಪಕ್ಕದಲ್ಲಿ ಕೂತಳು. ವಿಮಾನಪಟ್ಟಿಯ ಮೇಲೆ ಮೊದಲ ಸುತ್ತನ್ನು ಅವಳಿಗಾಗಿ ನಿಧಾನವಾಗಿ ಹಾಕಿದೆ. ಎರಡನೆಯದನ್ನೂ. ಮೂರನೆಯ ಸುತ್ತಿನ ನೇರ ದಾರಿಯಲ್ಲಿ ಅವಳು ನನ್ನ ಕಡೆ ವಾಲಿ, ಗಾಳಿಯನ್ನು ಮೀರಿಸಿ ಕೂಗಿದಳು.

“ಇಷ್ಟ ಏನ್ರಿ ನಿಮ್ಮ ಜೋರು? ಇದಕ್ಕೇನು ಹತ್ತು ತಿಂಗಳು ನನಗ ಜೀವ ಕೈಯಾಗ ಹಿಡಿಸಿದ್ರಿ?”

“ಇನ್ನೂ ಜೋರು ಹೋಗು ಅಂತೀಯೇನು?” ಎಂದು ನಾನೂ ಕೂಗಿದೆ. ಈ ಸಲ ಕೇಳಿದ್ದನ್ನು ತಿರುಗಿ ಹೇಳದೆ ಬಿಡುವ ಹಾಗಿರಲಿಲ್ಲ.

“ಹೋಗ್ರಿ ಅಂದೆ!”

ಗೇರು ಇಳಿಸಿ ಆಕ್ಸಿಲರೇಟರನ್ನು ತಳಕ್ಕೆ ತುಳಿದೆ.