ಶಿಡ್ಲಘಟ್ಟದಲ್ಲಿ ಅಕ್ಕ ಬರೆದ ಹೆಸರು

ಬೆಳಿಗ್ಗೆ ಏಳಕ್ಕೆ ಗೌರಿಬಿದನೂರಿನಿಂದ ಹೊರಟೆ. ಚಿಕ್ಕಬಳ್ಳಾಪುರದವರೆಗೆ ಸರ್ಕಾರಿ ಬಸ್ಸು; ಆಧಾರ್ ತೋರಿಸಿದ್ದಕ್ಕೆ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಮಂಜು ಎಷ್ಟಿತ್ತೆಂದರೆ ಮಂಚೇನಹಳ್ಳಿ ದಾಟಿದ್ದೇ ತಿಳಿಯಲಿಲ್ಲ. ಚಿಕ್ಕಬಳ್ಳಾಪುರದಲ್ಲಿ ಅವರೆಕಾಳಿನ ಉಪ್ಪಿಟ್ಟು ತಿಂದು, ಚಿಂತಾಮಣಿಗೆ ಹೋಗುವ ಖಾಸಗಿ ಬಸ್ಸು ಹತ್ತಿ, ಒಂಬತ್ತೂವರೆಗೆ ಶಿಡ್ಲಘಟ್ಟದಲ್ಲಿ ಇಳಿದೆ.

ಮಾನಸಿಕ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರು, ಕಷ್ಟದ ದಿನಗಳಲ್ಲಿ ತಮ್ಮ ಆರೈಕೆ ಹೇಗಿರಬೇಕೆಂದು ತಾವೇ ಬರೆದಿಡುವುದನ್ನು ಕಲಿಸುವುದು ನನ್ನ ಕೆಲಸ. ಅವತ್ತಿನ ಕಾರ್ಯಾಗಾರಕ್ಕೆ ಹನ್ನೊಂದು ಮಂದಿ ಬಂದಿದ್ದರು. ಅವರಲ್ಲಿ ಒಬ್ಬಳು ನನ್ನ ಸ್ವಂತ ಅಕ್ಕ ಲಲಿತಾ. ಎಂಟು ವರ್ಷಗಳಿಂದ ಅವಳ ಕಾಯಿಲೆ ಕೆರಳಿದಾಗಲೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದವಳು ನಾನು. ಜೊತೆಗೊಬ್ಬರನ್ನು ಕರೆತರಬಹುದು ಎಂದಿದ್ದೆವು. ಅಕ್ಕ ಪಕ್ಕದ ಮನೆಯ ನಸೀಮಾರನ್ನು ಕರೆತಂದಿದ್ದಳು. ಇಬ್ಬರೂ ಒಂದೇ ಕಾರ್ಖಾನೆಯಲ್ಲಿ ರೇಷ್ಮೆ ನೂಲು ತೆಗೆಯುತ್ತಾರೆ.

"ನಿಮ್ಮ ಹಾಳೆ, ನಿಮ್ಮ ಮಾತು. ಮನೆಯವರು ತಿದ್ದೋ ಹಾಗಿಲ್ಲ" ಎಂದು ಎಲ್ಲರಿಗೂ ಹೇಳಿ ಹಾಳೆ ಹಂಚಿದೆ.

ಮಧ್ಯಾಹ್ನ ಮುದ್ದೆ, ಬಸ್ಸಾರು. ಅಕ್ಕ ನಸೀಮಾರ ಡಬ್ಬಿಗೆ ಕೈಹಾಕಿ ಉಪ್ಪಿನಕಾಯಿ ತೆಗೆದುಕೊಂಡಳು. ನನ್ನ ಬಾಟಲಿಯ ನೀರನ್ನೂ ಅವಳು ಕೇಳಿಯೇ ಕುಡಿಯುವುದು.

ಊಟದ ನಂತರ, ಇಷ್ಟವಿದ್ದವರು ಓದಬಹುದು ಎಂದೆ. ಅಕ್ಕ ಎದ್ದಳು. "ನಾನು ಗೋಡೆ ಕಡೆ ತಿರುಗಿ ಕೂತ್ರೆ ಜಾಸ್ತಿ ಆಗ್ತೈತೆ ಅಂತ ಅರ್ಥ. ಮೊದ್ಲು ಕರೀಬೇಕಾದೋರು, ನಸೀಮಾ."

ಎರಡನೆಯ ಹೆಸರು ನನ್ನದು. ಎರಡನೆಯದು! "ಚೆನ್ನಾಗಿ ಬರೆದಿದ್ದೀಯ" ಎಂದೆ.

ಟೀ ವೇಳೆಯಲ್ಲಿ ಅವಳನ್ನು ಪಕ್ಕಕ್ಕೆ ಕರೆದೆ. "ನಾನಿಲ್ವೇನೇ ಅಕ್ಕ?"

"ಇದ್ದೀಯ ಕಣೇ. ಆದ್ರೆ ನೀನು ಡಾಕ್ಟ್ರಿಗೆ ಫೋನ್ ಮಾಡ್ಕೊಂಡೇ ಒಳಕ್ಕೆ ಬರ್ತೀಯ. ಅವ್ಳು ಬಂದು ಸುಮ್ನೆ ಪಕ್ಕದಲ್ಲಿ ಕೂತ್ಕೋತಾಳೆ."

ಸಾಕ್ಷಿ ಸಹಿಗೆಂದು ಹಾಳೆ ನನ್ನ ಕೈಗೆ ಬಂತು. ಒಂದು, ಎರಡು ಎಂಬ ಅಂಕಿಗಳನ್ನು ಅದಲುಬದಲು ಮಾಡಲು ಒಂದು ಗಳಿಗೆ ಸಾಕಿತ್ತು. ಬೆಳಿಗ್ಗೆ ನಾನೇ ಆಡಿದ್ದ ಮಾತು ಅಡ್ಡ ಬಂತು. ಸಹಿ ಹಾಕಿ ಕೊಟ್ಟೆ.

ಸಂಜೆ ಬಸ್ಸು ಹತ್ತಿಸಲು ನಸೀಮಾ ಬಂದರು. "ಲಲಿತಮ್ಮನಿಗೆ ಚಿಕ್ಕೋರಾಗಿದ್ದಾಗ ಏನ್ ಮಾಡಿದ್ರೆ ಸಮಾಧಾನ ಆಗ್ತಿತ್ತು ಮೇಡಂ?" ಎಂದು ಕೇಳಿದರು.

ನನಗೆ ಗೊತ್ತಿತ್ತು. ಅದೊಂದಾದರೂ ನನಗೇ ಉಳಿಯಲಿ ಅನಿಸಿತು. "ಅಂಥದ್ದೇನಿಲ್ಲ" ಎಂದು ಬಸ್ಸು ಹತ್ತಿದೆ.

ಊರು ಹಿಂದಾಯಿತು. ಕಿಟಕಿಯಾಚೆ ದ್ರಾಕ್ಷಿ ತೋಟಗಳು. ನೆಮ್ಮದಿಯಾಗಿ ಕೂರಲಾಗಲಿಲ್ಲ. ಹಾಜರಿ ಪಟ್ಟಿಯಲ್ಲಿ ನಂಬರು ಹುಡುಕಿ ನಸೀಮಾರಿಗೆ ಫೋನ್ ಮಾಡಿದೆ. "ತಲೆಗೆ ಬೆಚ್ಚಗೆ ಎಣ್ಣೆ ಹಚ್ಚಿ. ಮಾತಾಡಿಸ್ಬೇಡಿ. ನೆತ್ತಿಯಿಂದ ಕುತ್ತಿಗೆವರೆಗೆ, ನಿಧಾನವಾಗಿ."

"ಅಯ್ಯೋ, ಅದನ್ನೇ ಮಾಡ್ತೀನಮ್ಮ. ಅವ್ರೇ ಹೇಳ್ಕೊಟ್ರು. ನನ್ ತಂಗಿ ಹಿಂಗೆ ಹಚ್ತಿದ್ಲು, ನೀನೂ ಹಂಗೇ ಹಚ್ಚು ಅಂತಾರೆ. ಅದು ಬಿಟ್ಟು ಬೇರೆ ಏನಾದ್ರೂ ಇದ್ಯೇನೋ ಅಂತ ಕೇಳಿದ್ದು."

ಸುಮ್ಮನಿರಲಾಗದೆ, "ಯಾವ ಎಣ್ಣೆ ಹಚ್ತೀರಿ?" ಎಂದು ಕೇಳಿದೆ.

"ಕೊಬ್ರಿ ಎಣ್ಣೆ."

"ಹರಳೆಣ್ಣೆ ಆಗ್ಬೇಕು. ಅವಳಿಗೆ ಹರಳೆಣ್ಣೆನೇ ಆಗೋದು" ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

"ಹೌದಾ? ಇನ್ನೇನೇನು ಹೇಳಮ್ಮ, ಬರ್ಕೋತೀನಿ" ಎಂದರು ನಸೀಮಾ. ಚಿಕ್ಕಬಳ್ಳಾಪುರ ಬರುವವರೆಗೂ ಹೇಳುತ್ತಲೇ ಹೋದೆ.